‘ಮಾಣಿ’ಯ ಕಥೆಗೆ ಧಣಿಯ ಕೊನೆ ಬೇಡ

ಕಳೆದ ವರ್ಷ ರಾಜ್ಯೋತ್ಸವಕ್ಕೆ ಮೊದಲು ನಮ್ಮ ಉಪನಗರದ ಒಂದು ಕನ್ನಡ ಸಂಸ್ಥೆಯಲ್ಲಿ ಸಭೆ ಸೇರಿತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದು ಯಾವ ಸಂಸ್ಥೆಯೂ ಆಗಬಹುದಿತ್ತು. ಸಂಜೆಯ ಕಾರ್ಯಕ್ರಮದಲ್ಲಿ ಮಕ್ಕಳಿಗಾಗಿ ಒಂದು ಕನ್ನಡ ಚಿತ್ರ ತೋರಿಸುವುದೆಂದು ತೀರ್ಮಾನವಾಯಿತು. ಯಾವ ಚಿತ್ರ ಎಂಬ ಪ್ರಶ್ನೆ ಬಂದಾಗ, ಸಾಮಾನ್ಯ ಸದಸ್ಯನಾದ ನಾನು ಪೃಥ್ವಿ ಕೊಣನೂರರ ‘ರೈಲ್ವೇ ಚಿಲ್ಡ್ರನ್’ (2016) ಆಗಬಹುದೆಂದು ಸೂಚಿಸಿದೆ. ಮನೆಬಿಟ್ಟು ಬಂದು ರೈಲು ನಿಲ್ದಾಣದಲ್ಲಿ ಬದುಕುವ ಹುಡುಗರ ಕಥೆ ಅದು. ಅದರಲ್ಲಿ ನಟಿಸಿದ ಹುಡುಗ ಮನೋಹರನಿಗೆ ರಾಷ್ಟ್ರಪ್ರಶಸ್ತಿಯೂ ಬಂದಿದೆ.

ನನ್ನ ಮಾತು ಮುಗಿಯುವಷ್ಟರಲ್ಲಿ ಹಿರಿಯರೊಬ್ಬರು ಎದ್ದು ನಿಂತರು. “ಹಬ್ಬದ ದಿನ ನಮ್ಮ ಮಕ್ಕಳಿಗೆ ಭಿಕಾರಿ ಹುಡುಗರನ್ನು ತೋರಿಸುವುದೇ? ನಾವೆಲ್ಲ ಕಪ್ಪು ಬಸಿ ತೊಳೆದೇ ಮೇಲೆ ಬಂದವರು. ತೊಳೆದದ್ದನ್ನು ತೋರಿಸಬೇಡಿ, ಮೇಲೆ ಬಂದದ್ದನ್ನು ತೋರಿಸಿ” ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ಕೊನೆಗೆ ಒಂದು ಹಾಸ್ಯ ಚಿತ್ರ ಗೊತ್ತಾಯಿತು. ನಾನು ಸುಮ್ಮನೆ ಕುಳಿತೆ. ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಮನೆಗೆ ಬಂದು ಟಿಪ್ಪಣಿ ಬರೆಯುವುದು ಗುಮಾಸ್ತನ ಹುಟ್ಟುಗುಣ. ಈ ಲೇಖನವೂ ಅಂಥದೇ ಒಂದು ಟಿಪ್ಪಣಿ ಎಂದು ವಾಚಕರು ತಿಳಿಯಬೇಕು.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಜವಾಗಿಯೂ ಕಪ್ಪು ಬಸಿ ತೊಳೆದವರು, ನಿಜವಾಗಿಯೂ ಮೇಲೆ ಬಂದವರು. ನನ್ನ ತಕರಾರು ಆ ಚಪ್ಪಾಳೆಯ ಮೇಲೆ. ದುಡಿಯುವ ಮಗುವಿನ ಕಥೆಯನ್ನು ಅದು ಧಣಿಯಾಗಿ ಮುಗಿದರೆ ಮಾತ್ರ ಕೇಳುತ್ತೇವೆ, ಇಲ್ಲದಿದ್ದರೆ ಇಲ್ಲ ಎಂಬ ನಮ್ಮ ಹಟದ ಮೇಲೆ. ಈ ಹಟ ನಮ್ಮ ಇತಿಹಾಸವನ್ನು ಸುಳ್ಳು ಮಾಡಿದೆ, ಮತ್ತು ಇಂದಿನ ಮಕ್ಕಳ ವಿಷಯದಲ್ಲಿ ನಮ್ಮನ್ನು ಕುರುಡರನ್ನಾಗಿ ಮಾಡಿದೆ ಎಂಬುದೇ ನನ್ನ ವಾದ.

ಮೊದಲು ಒಂದು ಶಬ್ದದಿಂದ ಆರಂಭಿಸುತ್ತೇನೆ. ಹೋಟೆಲಿನಲ್ಲಿ ತಿಂಡಿ ತಂದುಕೊಡುವವನನ್ನು ಕನ್ನಡದಲ್ಲಿ ‘ಮಾಣಿ’ ಎನ್ನುತ್ತೇವೆ. ಆದರೆ ಕುಂದಾಪುರದ ಕಡೆ ಮಾಣಿ ಎಂದರೆ ಹುಡುಗ, ಅಷ್ಟೆ. ತಾಯಿ ಮಗನನ್ನು ಕರೆಯುವ ಶಬ್ದ ಅದು. ತಾಯಿ ಕರೆಯುವ ಶಬ್ದವೇ ಕೆಲಸದ ಹೆಸರಾಗಿ ನಿಂತುಬಿಟ್ಟಿತೆಂದರೆ ಆ ಕೆಲಸ ಮಾಡುತ್ತಿದ್ದವರು ಯಾರು? ಹುಡುಗರು! ಐವತ್ತು ದಾಟಿದ ನರೆಗೂದಲಿನ ಸಪ್ಲಾಯರನನ್ನೂ ನಾವು ಮಾಣಿ ಎಂದೇ ಕರೆದೆವು. ಅವನು ಆ ಹೆಸರನ್ನು ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಹೊತ್ತುಕೊಂಡವನು. ಇಳಿಸುವುದಕ್ಕೆ ಅವಕಾಶವೇ ಸಿಗಲಿಲ್ಲ. ನಾವು ಮರೆತರೂ ನಮ್ಮ ಭಾಷೆ ಮರೆತಿಲ್ಲ.

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯುವಾಗ ನಾವು ಏನು ಬರೆಯುತ್ತೇವೆ? ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದನ್ನು ಬರೆಯುತ್ತೇವೆ. ಬರೆಯಲೇಬೇಕು, ಲಕ್ಷಾಂತರ ಜನರಿಗೆ ಹೊಟ್ಟೆ ತುಂಬ ಅನ್ನ ಹಾಕಿದ ಮನೆ ಅದು. ಮೊಗವೀರರು, ಬಿಲ್ಲವರು, ಬಂಟರು, ಇನ್ನೂ ಅನೇಕರು ಕಟ್ಟಿದ ಸಂಘಗಳ ಬಗ್ಗೆ, ಅವು ನಡೆಸಿದ ರಾತ್ರಿ ಶಾಲೆಗಳ ಬಗ್ಗೆ ಬರೆಯುತ್ತೇವೆ. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ಎಂದರೆ ಈಗಲೂ ಹಳಬರ ಕಣ್ಣು ಹೊಳೆಯುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿ: ರಾತ್ರಿ ಶಾಲೆ ಏಕೆ ಬೇಕಾಯಿತು? ಹಗಲು ಆ ಹುಡುಗರು ಎಲ್ಲಿದ್ದರು? ರಾತ್ರಿ ಶಾಲೆಯ ಒಂದೊಂದು ಹಾಜರಿ ಪುಸ್ತಕವೂ ಹಗಲು ದುಡಿದ ಮಕ್ಕಳ ಪಟ್ಟಿಯೇ ಅಲ್ಲವೇ? ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಶಾಲೆಯ ಹೆಮ್ಮೆ ಸಿಗುತ್ತದೆ, ಹಗಲಿನ ಮಾತು ಸಿಗುವುದಿಲ್ಲ.

ಈ ಹಗಲನ್ನು ತೋರಿಸಬೇಕಾದದ್ದು ಸಿನೆಮಾ. ಏಕೆಂದರೆ ಕೈ ಹೇಗೆ ದುಡಿಯುತ್ತದೆ ಎಂಬುದನ್ನು ಸಿನೆಮಾದಷ್ಟು ಚೆನ್ನಾಗಿ ಇನ್ಯಾವುದೂ ತೋರಿಸಲಾರದು. ಬೇರೆ ದೇಶದವರು, ಬೇರೆ ಭಾಷೆಯವರು ಇದನ್ನು ಮಾಡಿದ್ದಾರೆ. ನಮ್ಮ ಹೋಟೆಲ್ ಹುಡುಗನ ಬಾಲ್ಯವನ್ನೇ ವಸ್ತುವಾಗಿ ತೆಗೆದುಕೊಂಡು ಮುಂಬಯಿಯಲ್ಲಿ ನಡೆಯುವ ಒಂದು ಕನ್ನಡ ಚಿತ್ರವನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಇಂಥ ಚಿತ್ರ ಬೇಡ ಎನ್ನುವವರು ಸಾಮಾನ್ಯವಾಗಿ ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಬಡತನವನ್ನು ತೋರಿಸುವುದು ಅವಮಾನ ಎಂಬುದು. ಇದು ಹಳೆಯ ಆಕ್ಷೇಪ. 1980ರಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನಟಿ ನರ್ಗಿಸ್ ಅವರು ಸತ್ಯಜಿತ್ ರಾಯ್ ಅವರ ಮೇಲೆ ಇದೇ ಆರೋಪ ಹೊರಿಸಿದ್ದರು: ಇವರು ಭಾರತದ ಬಡತನವನ್ನು ವಿದೇಶಕ್ಕೆ ರಫ್ತು ಮಾಡುತ್ತಾರೆ ಎಂದು. 1955ರ ‘ಪಥೇರ್ ಪಾಂಚಾಲಿ’ ಬಂದು ಆಗಲೇ ಇಪ್ಪತ್ತೈದು ವರ್ಷವಾಗಿತ್ತು, ಸಂಕೋಚ ಮಾತ್ರ ಹೋಗಿರಲಿಲ್ಲ. ನಾನು ಕೇಳುವುದಿಷ್ಟೆ: ಅವಮಾನ ಯಾರಿಗೆ? ತಟ್ಟೆ ತೊಳೆದ ಹುಡುಗನಿಗೋ, ಅವನಿಂದ ತೊಳೆಸಿದವರಿಗೋ? ಹನ್ನೊಂದು ವರ್ಷದ ಹುಡುಗ ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆಯ ಬೂದಿ ತೆಗೆದನೆಂದರೆ ಅದರಲ್ಲಿ ಅವನು ನಾಚಿಕೆಪಡುವಂಥದ್ದು ಏನೂ ಇಲ್ಲ. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ. ಚಿತ್ರ ಬೇಡ ಎನ್ನುವುದರ ಹಿಂದೆ ಆ ನಾಚಿಕೆಯೂ ಸ್ವಲ್ಪ ಅಡಗಿರಬಹುದೆಂದು ನನ್ನ ಅನುಮಾನ.

ಎರಡನೆಯದು, “ಗೆದ್ದವರ ಕಥೆ ತೋರಿಸಿ, ಮಕ್ಕಳಿಗೆ ಸ್ಫೂರ್ತಿ ಬರುತ್ತದೆ” ಎಂಬುದು. ಇದು ಎಲ್ಲಕ್ಕಿಂತ ಸಿಹಿಯಾದ ಆಕ್ಷೇಪ. ಆದ್ದರಿಂದಲೇ ಎಲ್ಲಕ್ಕಿಂತ ಅಪಾಯಕಾರಿ. ನಾನು ಬಿ.ಎಸ್ಸಿ. ಓದಿದವನು; ಮುಂದೆ ಆ ವಿದ್ಯೆ ಕಡತದ ಕೆಳಗೆ ಹೂತುಹೋಯಿತು, ಆ ಮಾತು ಬೇರೆ. ಆದರೆ ಪ್ರಯೋಗಶಾಲೆಯಲ್ಲಿ ಕಲಿತ ಒಂದು ಪಾಠ ಮರೆತಿಲ್ಲ. ಹತ್ತು ಸಲ ಅಳತೆ ತೆಗೆದು, ನಮಗೆ ಬೇಕಾದ ಉತ್ತರ ಬಂದ ಒಂದನ್ನು ಮಾತ್ರ ಪುಸ್ತಕದಲ್ಲಿ ಬರೆದು ಉಳಿದ ಒಂಬತ್ತನ್ನು ಹರಿದು ಹಾಕಿದರೆ ಅದನ್ನು ಪ್ರಯೋಗ ಎನ್ನುವುದಿಲ್ಲ, ಮೋಸ ಎನ್ನುತ್ತಾರೆ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ನಾವು ಮಾಡುತ್ತಿರುವುದು ಇದನ್ನೇ. ಗಲ್ಲಾದ ಹಿಂದೆ ಕುಳಿತುಕೊಳ್ಳುವ ತನಕ ಬಂದವನಿಗೆ ಶಾಲು, ಹಾರ, ಫಲಪುಷ್ಪ. ಮೋರಿಯ ಹತ್ತಿರವೇ ಉಳಿದವನ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಹೋಟೆಲಿಗೆ ಧಣಿ ಒಬ್ಬನೇ, ಹುಡುಗರು ಹತ್ತಾರು. ಎಲ್ಲ ಹುಡುಗರೂ ಧಣಿಗಳಾಗುವುದು ಲೆಕ್ಕದಲ್ಲೇ ಸಾಧ್ಯವಿಲ್ಲ! ಹಾಗಿದ್ದಮೇಲೆ ಧಣಿಯಾಗದಿದ್ದವನು ಸೋಮಾರಿ ಎಂದೇ? ಸ್ಫೂರ್ತಿಯ ಕಥೆ ಬಾಯಿಬಿಟ್ಟು ಹೇಳದೆ ಹೇಳುವುದು ಅದನ್ನೇ.

ಸಿನೆಮಾದವರೂ ಈ ಪ್ರಲೋಭನೆಗೆ ಸಿಕ್ಕಿದ್ದಾರೆ. 1954ರಲ್ಲಿ ರಾಜ್ ಕಪೂರ್ ನಿರ್ಮಿಸಿದ ‘ಬೂಟ್ ಪಾಲಿಶ್’ ನೆನಪಿರಬಹುದು. ನಮ್ಮ ಮುಂಬಯಿಯ ಬೀದಿಯಲ್ಲಿ ಭಿಕ್ಷೆ ಬಿಟ್ಟು ಬೂಟು ಉಜ್ಜಲು ಹೊರಟ ಅಣ್ಣ ತಂಗಿಯರ ಕಥೆ. ಅರ್ಧ ಚಿತ್ರ ನೋಡುವಾಗ ಎದೆ ಹಿಂಡುತ್ತದೆ. ಕೊನೆಗೆ ಅನುಕೂಲಸ್ಥರ ಮನೆಯೊಂದು ಮಕ್ಕಳಿಗೆ ಸಿಕ್ಕಿ ಶಾಲೆಗೆ ಹೊರಡುತ್ತಾರೆ. ಪ್ರೇಕ್ಷಕ ಕಣ್ಣೊರೆಸಿಕೊಂಡು ಹೊರಗೆ ಬರುತ್ತಾನೆ. ಥಿಯೇಟರಿನ ಬಾಗಿಲಲ್ಲಿ ಬೂಟು ಉಜ್ಜುವ ಹುಡುಗ ಕುಳಿತಿದ್ದರೆ ಅವನನ್ನು ದಾಟಿ ಮನೆಗೆ ಹೋಗುತ್ತಾನೆ. ಏಕೆಂದರೆ ಒಳಗೆ ಎಲ್ಲ ಸರಿಹೋಗಿದೆಯಲ್ಲ!

ಕನ್ನಡದ ಮಾತಿಗೆ ಬಂದರೆ, ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಬಂದಾಗ ನಾನು ಹನ್ನೆರಡು ವರ್ಷದವನು. ಆ ಚಿತ್ರವನ್ನು ನನ್ನಷ್ಟು ಪ್ರೀತಿಸಿದವರು ಇರಲಾರರು. ಹಳ್ಳಿಯಿಂದ ಪೇಟೆಗೆ ಬಂದ ಬಡ ಹುಡುಗ ಕೊನೆಗೆ ಓಟಗಾರನಾಗಿ ಗೆಲ್ಲುತ್ತಾನೆ. ನಾನೂ ನಮ್ಮ ಚಾಳಿನ ಅಂಗಳದಲ್ಲಿ ಓಡಿದ್ದೇ ಓಡಿದ್ದು. ಈಗ ನಲವತ್ತು ದಾಟಿದ ಮೇಲೆ ಒಂದು ಪ್ರಶ್ನೆ ಕಾಡುತ್ತದೆ: ಮುತ್ತನಿಗೆ ಓಡಲು ಬರದೆ ಹೋಗಿದ್ದರೆ? ಮಗುವಿಗೆ ಒಂದು ವಿಶೇಷ ಪ್ರತಿಭೆ ಇದ್ದರೆ ಮಾತ್ರ ಅದಕ್ಕೆ ಬಾಲ್ಯದ ಹಕ್ಕೇ? ಮರುವರ್ಷ ಬಂದ ನಾಗತಿಹಳ್ಳಿ ಚಂದ್ರಶೇಖರರ ‘ಕೊಟ್ರೇಶಿ ಕನಸು’ (1994), ಕುಂ. ವೀರಭದ್ರಪ್ಪನವರ ಕಥೆ, ಈ ವಿಷಯದಲ್ಲಿ ಹೆಚ್ಚು ಕಟುವಾದದ್ದು. ಓದಬೇಕೆನ್ನುವ ದಲಿತ ಹುಡುಗನಿಗೆ ಎದುರಾಗುವುದು ಅವನ ದಡ್ಡತನವಲ್ಲ, ಊರು. ಎರಡರಲ್ಲೂ ನಟಿಸಿದ ಬಾಲಕ ವಿಜಯ ರಾಘವೇಂದ್ರ ಒಬ್ಬನೇ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ನೆನಪಿರುವುದು ಓಡಿ ಗೆದ್ದವನು.

ಇನ್ನು ಈ ಪ್ರಲೋಭನೆಗೆ ಬಗ್ಗದ ಚಿತ್ರವೊಂದನ್ನು ಹೇಳುತ್ತೇನೆ. ಇಂಗ್ಲೆಂಡಿನ ಕೆನ್ ಲೋಚ್ 1969ರಲ್ಲಿ ಮಾಡಿದ ‘ಕೆಸ್’. ಬಾರ್ನ್ಸ್‌ಲಿ ಎಂಬ ಕಲ್ಲಿದ್ದಲ ಗಣಿಯ ಊರು. ಬಿಲ್ಲಿ ಕ್ಯಾಸ್ಪರ್ ಎಂಬ ಹದಿನೈದರ ಹುಡುಗ ಬೆಳಿಗ್ಗೆ ಮನೆಮನೆಗೆ ಪತ್ರಿಕೆ ಹಾಕಿ ಶಾಲೆಗೆ ಹೋಗುತ್ತಾನೆ. ಅಣ್ಣ ಗಣಿಯಲ್ಲಿ ಕೂಲಿ. ಶಾಲೆಯಲ್ಲಿ ಏಟು, ಮನೆಯಲ್ಲಿ ಏಟು. ಅವನು ಒಂದು ಗಿಡುಗದ ಮರಿಯನ್ನು ತಂದು ಪಳಗಿಸುತ್ತಾನೆ. ಎಲ್ಲರೂ ದಡ್ಡನೆಂದ ಹುಡುಗ ತರಗತಿಯಲ್ಲಿ ಆ ಹಕ್ಕಿಯ ಬಗ್ಗೆ ಮಾತಾಡಲು ನಿಂತಾಗ ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳುತ್ತದೆ. ನಮ್ಮ ‘ಸ್ಫೂರ್ತಿ’ಯ ನಿರ್ದೇಶಕನಾಗಿದ್ದರೆ ಇಲ್ಲಿಂದ ಅವನನ್ನು ದೊಡ್ಡ ಪಕ್ಷಿತಜ್ಞನನ್ನಾಗಿ ಮಾಡುತ್ತಿದ್ದ. ಲೋಚ್ ಹಾಗೆ ಮಾಡುವುದಿಲ್ಲ. ಶಾಲೆಗೆ ಬಂದ ಉದ್ಯೋಗಾಧಿಕಾರಿ ತನ್ನ ಫಾರಂ ತುಂಬುತ್ತಾನೆ. ಎದುರಿಗೆ ಕುಳಿತ ಹುಡುಗನೊಳಗೆ ಏನಿದೆಯೆಂದು ಅವನಿಗೆ ಕಾಣುವುದಿಲ್ಲ. ನಾನೂ ಫಾರಂ ತುಂಬಿಸಿಕೊಳ್ಳುವ ಕೆಲಸದವನು. ಆ ದೃಶ್ಯ ನೋಡುವಾಗ ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳಲಾಗಲಿಲ್ಲ. ಕೊನೆಗೆ ಕುದುರೆ ಜೂಜಿನ ದುಡ್ಡಿನ ಜಗಳದಲ್ಲಿ ಅಣ್ಣ ಗಿಡುಗವನ್ನು ಕೊಂದುಹಾಕುತ್ತಾನೆ. ಬಿಲ್ಲಿ ಅದನ್ನು ಮಣ್ಣು ಮಾಡುತ್ತಾನೆ. ಚಿತ್ರ ಮುಗಿಯುತ್ತದೆ.

ಇದರಿಂದ ನಿರಾಶೆ ಬರುತ್ತದೆಯೇ? ನನಗೆ ಬಂದದ್ದು ಸಿಟ್ಟು. ಹುಡುಗನಲ್ಲಿ ಕೊರತೆ ಇರಲಿಲ್ಲ, ಅವನಿಗೆ ಸಿಕ್ಕ ಲೋಕದಲ್ಲಿ ಕೊರತೆ ಇತ್ತು ಎಂಬುದು ಸೂರ್ಯನ ಬೆಳಕಿನಷ್ಟು ಸ್ಪಷ್ಟವಾಗುತ್ತದೆ. ‘ಮೇಲೆ ಬಂದ’ ಕಥೆ ನೋಡಿದವನು ಹುಡುಗನಿಗೆ ಚಪ್ಪಾಳೆ ತಟ್ಟುತ್ತಾನೆ. ‘ಕೆಸ್’ ನೋಡಿದವನು ಲೋಕಕ್ಕೆ ಪ್ರಶ್ನೆ ಹಾಕುತ್ತಾನೆ. ಇನ್ನೊಂದು ಮಾತು. ಬಿಲ್ಲಿಯಾಗಿ ನಟಿಸಿದ ಡೇವಿಡ್ ಬ್ರ್ಯಾಡ್ಲಿ ಅದೇ ಊರಿನ ಶಾಲಾಬಾಲಕ; ಮಾತಾಡಿದ್ದು ಅದೇ ಊರಿನ ಒರಟು ಇಂಗ್ಲಿಷು. ನಮ್ಮ ಹೋಟೆಲ್ ಹುಡುಗನ ಚಿತ್ರವೂ ಹಾಗೆಯೇ ಕುಂದಾಪ್ರ ಕನ್ನಡ, ತುಳು, ಮುರುಕು ಮರಾಠಿ, ಮುಂಬಯಿ ಹಿಂದಿ ಎಲ್ಲ ಕಲಸಿದ ಭಾಷೆಯಲ್ಲಿಯೇ ಬರಬೇಕು. ಪುಸ್ತಕದ ಕನ್ನಡದಲ್ಲಿ ಅಲ್ಲ.

ದ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಚಿತ್ರವನ್ನು ಸಿನೆಮಾ ಬಲ್ಲವರೆಲ್ಲ ಹೊಗಳುತ್ತಾರೆ. ತಂದೆ ಕಳೆದುಕೊಂಡ ಸೈಕಲ್ಲು ಎಲ್ಲರಿಗೂ ನೆನಪಿದೆ. ಆದರೆ ಮಗ ಬ್ರೂನೋ, ಅಷ್ಟು ಚಿಕ್ಕ ಹುಡುಗ, ಬೆಳಿಗ್ಗೆ ತಂದೆಯ ಜೊತೆ ಮನೆಯಿಂದ ಹೊರಟು ಪೆಟ್ರೋಲ್ ಪಂಪಿಗೆ ಕೆಲಸಕ್ಕೆ ಹೋಗುತ್ತಾನೆ ಎಂಬುದು ಎಷ್ಟು ಮಂದಿಗೆ ನೆನಪಿದೆ? ಕಣ್ಣೆದುರಿಗೆ ಇದ್ದರೂ ಕಾಣುವುದಿಲ್ಲ. ದುಡಿಯುವ ಮಗು ಎಂದರೆ ಹಾಗೆಯೇ.

ಇನ್ನು ಮೂರನೆಯ ಆಕ್ಷೇಪ: “ಅದೆಲ್ಲ ಹಳೆಯ ಕಾಲ, ಈಗ ಕಾನೂನು ಬಂದಿದೆ” ಎಂಬುದು. ಕಾನೂನು ಬಂದದ್ದು ನಿಜ. ಹೇಗೆ ಬಂತು ಎಂದು ನೋಡಿ. ಬಾಲಕಾರ್ಮಿಕರ ಕಾಯಿದೆ 1986ರದ್ದು. ಆದರೆ ಅದರ ನಿಷೇಧದ ಪಟ್ಟಿಗೆ ಹೋಟೆಲು, ಢಾಬಾ, ಚಹಾದಂಗಡಿ, ಮನೆಗೆಲಸ ಸೇರಿದ್ದು 2006ರ ಅಕ್ಟೋಬರಿನಲ್ಲಿ, ಇಪ್ಪತ್ತು ವರ್ಷಗಳ ನಂತರ! ಹದಿನಾಲ್ಕರೊಳಗಿನ ಮಕ್ಕಳಿಗೆ ಎಲ್ಲ ಉದ್ಯೋಗಗಳಲ್ಲೂ ನಿಷೇಧ ಬಂದದ್ದು 2016ರ ತಿದ್ದುಪಡಿಯಿಂದ. ಅದರಲ್ಲೂ ಎರಡು ಬಾಗಿಲು ತೆರೆದಿಟ್ಟಿದ್ದಾರೆ. ಶಾಲೆಯ ಹೊತ್ತಿನ ನಂತರ ಮನೆಯವರ ಉದ್ಯೋಗದಲ್ಲಿ ಕೈಗೂಡಿಸಬಹುದು. ಮತ್ತು ಸಿನೆಮಾ, ಟೀವಿ, ಜಾಹೀರಾತುಗಳಲ್ಲಿ ಕಲಾವಿದರಾಗಿ ದುಡಿಯಬಹುದು, ಸರ್ಕಸ್ಸಿನಲ್ಲಿ ಮಾತ್ರ ಕೂಡದು. ಎಂದರೆ ಇಂದು ಹುಡುಗನೊಬ್ಬ ಹೋಟೆಲಿನಲ್ಲಿ ಕಪ್ಪು ತೊಳೆದರೆ ಅಪರಾಧ, ಕಪ್ಪು ತೊಳೆಯುವ ಹುಡುಗನಾಗಿ ಸಿನೆಮಾದಲ್ಲಿ ನಟಿಸಿದರೆ ಅಪರಾಧವಲ್ಲ.

ಇಲ್ಲಿ ನನ್ನ ವಾದಕ್ಕೇ ತೊಡಕಾಗುವ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಚಿತ್ರದಲ್ಲಿ ಸರ್ಕಸ್ಸಿನವರು ಬಿಟ್ಟುಹೋದ ಕೃಷ್ಣ ಎಂಬ ಹುಡುಗ ಮುಂಬಯಿಗೆ ಬರುತ್ತಾನೆ. ಚಹಾ ಹೊತ್ತು ಹಂಚುವ ಅವನ ಸ್ವಂತ ಹೆಸರೇ ಹೋಗಿ ‘ಚಾಯ್‌ಪಾವ್’ ಆಗುತ್ತಾನೆ. ಮಾಣಿಯ ಕಥೆಯೇ ಅಲ್ಲವೇ ಇದು! ಮನೆಗೆ ಹಿಂದಿರುಗಲು ಐನೂರು ರೂಪಾಯಿ ಕೂಡಿಸಬೇಕೆಂಬ ಅವನ ಆಸೆ ಕೊನೆಗೂ ಕೈಗೂಡುವುದಿಲ್ಲ. ಆ ಪಾತ್ರ ಮಾಡಿದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನ ಹುಡುಗ. ಮನೆಬಿಟ್ಟು ಮುಂಬಯಿಗೆ ಓಡಿಬಂದು ಬೀದಿಯಲ್ಲಿ ಇದ್ದವನು. ಕಾನ್ ಉತ್ಸವದಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂತು, ಆಸ್ಕರಿಗೆ ನಾಮಕರಣವಾಯಿತು, ಶಫೀಕನಿಗೆ ಅತ್ಯುತ್ತಮ ಬಾಲನಟನೆಂದು ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ? ಸಿನೆಮಾದಲ್ಲಿ ಅವರಿಗೆ ನೆಲೆ ಸಿಗಲಿಲ್ಲ. ಬೆಂಗಳೂರಿಗೆ ಮರಳಿ ಆಟೋರಿಕ್ಷಾ ಓಡಿಸಿ ಸಂಸಾರ ನಡೆಸಿದರು ಎಂದು ಪತ್ರಿಕೆಗಳೆಲ್ಲ ಬರೆದವು.

“ನೋಡಿದಿರಾ, ಬಡ ಹುಡುಗನನ್ನು ಬಳಸಿಕೊಂಡು ಬಿಟ್ಟರು” ಎಂದು ವಿರೋಧಿಗಳು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಅದೇ ಚಿತ್ರದಿಂದ 1988ರಲ್ಲಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿ ದಿಲ್ಲಿ, ಮುಂಬಯಿಗಳ ಬೀದಿಮಕ್ಕಳ ನಡುವೆ ಕೆಲಸಕ್ಕೆ ಇಳಿಯಿತು ಎಂಬುದನ್ನೂ ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ಶಫೀಕರ ಬದುಕು ನಮ್ಮ ‘ಮೇಲೆ ಬಂದ’ ಕಥೆಗೆ ಸರಿಯಾದ ಉತ್ತರ. ರಾಷ್ಟ್ರಪ್ರಶಸ್ತಿ ಗೆದ್ದ ಹುಡುಗನೂ ಆಟೋ ಓಡಿಸಬೇಕಾಯಿತು. ಪ್ರತಿಭೆ ಒಂದೇ ಸಾಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಮತ್ತು ಆಟೋ ಓಡಿಸಿ ಮಕ್ಕಳನ್ನು ಸಾಕುವುದು ಸೋಲು ಎಂದು ಹೇಳುವ ಹಕ್ಕು ನಮಗೆ ಯಾರು ಕೊಟ್ಟರು?

ಈಗ ನನ್ನ ಮನೆಯ ಮಾತು. ವಾಚಕರು ಕ್ಷಮಿಸಬೇಕು, ಇದನ್ನು ಹೇಳದೆ ಈ ಲೇಖನ ಬರೆಯುವ ಅಧಿಕಾರ ನನಗಿಲ್ಲ.

ನಮ್ಮ ಅಪ್ಪಯ್ಯ ಕುಂದಾಪುರ ಕಡೆಯ ಹಳ್ಳಿಯಿಂದ 1964ರಲ್ಲಿ ಊರವರೊಬ್ಬರ ಕೈಹಿಡಿದು ಮುಂಬಯಿಗೆ ಬಂದರು. ಆಗ ಅವರಿಗೆ ಹನ್ನೊಂದು ವರ್ಷ. ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಮೊದಲು ತೊಳೆಯುವ ಕೆಲಸ, ಆಮೇಲೆ ಮೇಜು ಒರೆಸುವುದು, ಆಮೇಲೆ ಆಫೀಸುಗಳಿಗೆ ಚಹಾ ಹೊರುವುದು, ಕೊನೆಗೆ ಸಪ್ಲಾಯರ್. ಅಲ್ಲಿಗೆ ಮುಗಿಯಿತು. ಧಣಿಯಾಗಲಿಲ್ಲ. ಕುಡಿತವಿರಲಿಲ್ಲ, ಜೂಜಿರಲಿಲ್ಲ, ಸೋಮಾರಿತನವಂತೂ ಇರಲೇ ಇಲ್ಲ. ಆದರೂ ಆಗಲಿಲ್ಲ. ತಮ್ಮ ಬಾಲ್ಯದ ಬಗ್ಗೆ ಅವರು ಒಂದಕ್ಷರ ಮಾತಾಡಿದವರಲ್ಲ. ಕೇಳಿದರೆ, “ಅದೆಲ್ಲ ಎಂತಕೆ ಈಗ, ಬಿಡು” ಎನ್ನುತ್ತಿದ್ದರು. ಸಂಘದ ಸಮಾರಂಭಗಳಿಗೆ ನಾನು ಕರೆದರೂ ಬರುತ್ತಿರಲಿಲ್ಲ. ಯಾಕೆಂದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ.

2012ರಲ್ಲಿ ಒಂದು ಭಾನುವಾರ ಟೀವಿಯಲ್ಲಿ ಅಮೋಲ್ ಗುಪ್ತೆಯವರ ‘ಸ್ಟ್ಯಾನ್ಲಿ ಕಾ ಡಬ್ಬಾ’ (2011) ಬಂತು. ಮುಂಬಯಿಯ ಶಾಲೆಯ ಹುಡುಗ. ಮಧ್ಯಾಹ್ನದ ಊಟದ ಡಬ್ಬಿ ತರುವುದಿಲ್ಲ, ಏನೇನೋ ನೆಪ ಹೇಳುತ್ತಾನೆ, ತಾಯಿಯ ಬಗ್ಗೆ ಬಣ್ಣಬಣ್ಣದ ಕಥೆ ಕಟ್ಟುತ್ತಾನೆ. ಕೊನೆಗೆ ತಿಳಿಯುತ್ತದೆ: ಅವನಿಗೆ ತಂದೆ ತಾಯಿ ಇಲ್ಲ, ಚಿಕ್ಕಪ್ಪನ ಹೋಟೆಲಿನಲ್ಲಿ ಹೊಡೆತ ತಿಂದು ದುಡಿಯುತ್ತಾನೆ, ಅಡುಗೆಯವನು ಮಿಕ್ಕದ್ದನ್ನು ಡಬ್ಬಿಗೆ ತುಂಬಿ ಕೊಡುತ್ತಾನೆ. ಅಪ್ಪಯ್ಯ ಕದಲದೆ ನೋಡಿದರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಆ ಭಟ್ಟ ಒಳ್ಳೆಯವನು” ಎಂದರು. ಆಮೇಲೆ ಮೊದಲ ಬಾರಿಗೆ ಬಾಯಿಬಿಟ್ಟರು.

ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರಂತೆ. ಸೋಡಾ ನೀರಿನಲ್ಲಿ ಕೈಯಿಟ್ಟು ಇಟ್ಟು ಬೆರಳಿನ ಸಂದಿಗಳು ಕೊಳೆಯುತ್ತಿದ್ದವಂತೆ. ಭಟ್ಟರು ತೆಂಗಿನೆಣ್ಣೆ ಬಿಸಿಮಾಡಿ ಕೊಡುತ್ತಿದ್ದರಂತೆ. ಕಪ್ಪು ಒಡೆದರೆ ಸಂಬಳದಲ್ಲಿ ಕಡಿತ. ರಾತ್ರಿ ಶಾಲೆಗೆ ಮೂರು ವರ್ಷ ಹೋದರಂತೆ, ಹೋದ ದಿನಗಳಲ್ಲಿ ಅರ್ಧ ನಿದ್ದೆಯಲ್ಲೇ. “ಮೇಷ್ಟ್ರು ಎಬ್ಬಿಸುತ್ತಿರಲಿಲ್ಲ. ಅವರೂ ಹಗಲು ಯಾವುದೋ ಆಫೀಸಿನಲ್ಲಿ ಗುಮಾಸ್ತರು. ಪಾಠ ಮುಗಿದ ಮೇಲೆ ನನ್ನ ಪುಸ್ತಕದಲ್ಲಿ ಅವರೇ ಬರೆದಿಟ್ಟು ಹೋಗುತ್ತಿದ್ದರು” ಎಂದರು. ಇಷ್ಟೇ. ಮತ್ತೆ ಅವರು ಆ ಮಾತು ಎತ್ತಲಿಲ್ಲ. 2019ರಲ್ಲಿ ತೀರಿಕೊಂಡರು.

ಒಂದು ಸಿನೆಮಾ ಬರುವವರೆಗೆ ನನ್ನ ತಂದೆಗೆ ತಮ್ಮ ಬಾಲ್ಯವನ್ನು ಸ್ವಂತ ಮಗನ ಹತ್ತಿರ ಹೇಳಿಕೊಳ್ಳಲು ಧೈರ್ಯ ಬರಲಿಲ್ಲ. ಏಕೆಂದರೆ ನಮ್ಮ ಸಮಾಜ ಅವರಿಗೆ ಕಲಿಸಿದ್ದು ಒಂದೇ: ತೊಳೆದದ್ದನ್ನು ಹೇಳಬೇಕಾದರೆ ಮೊದಲು ಮೇಲೆ ಬರಬೇಕು. ಮೇಲೆ ಬರದವನಿಗೆ ಕಥೆ ಹೇಳುವ ಹಕ್ಕಿಲ್ಲ. ಸಮಾರಂಭಕ್ಕೆ ಅವರು ಏಕೆ ಬರುತ್ತಿರಲಿಲ್ಲ ಎಂಬುದು ಈಗ ನನಗೆ ಅರ್ಥವಾಗುತ್ತದೆ. ಅವರ ಜೊತೆ ಒಂದೇ ಮೋರಿಯಲ್ಲಿ ಕೈಯಿಟ್ಟವರು ವೇದಿಕೆಯ ಮೇಲಿರುತ್ತಿದ್ದರು. ಇವರಿಗೆ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಇಷ್ಟೂ ಹಳೆಯ ಗಾಯವನ್ನು ಕೆದಕುವ ಮಾತು ಎಂದು ಯಾರಾದರೂ ಹೇಳುವ ಮೊದಲೇ ಇಂದಿನ ದಹಿಸರಿಗೆ ಬರುತ್ತೇನೆ. ಒಂದು ಕಾಲಕ್ಕೆ ಹಿಂದಿ ಸಿನೆಮಾದವರು ಹಳ್ಳಿಯ ದೃಶ್ಯ ತೆಗೆಯಲು ನಮ್ಮ ದಹಿಸರ್ ಹೊಳೆಗೆ ಬರುತ್ತಿದ್ದರೆಂದು ಇಲ್ಲಿನ ಹಳಬರು ಹೇಳುತ್ತಾರೆ. ಈಗ ಮೆಟ್ರೋ ಬಂದಿದೆ. ಹಳೆಯ ಕಟ್ಟಡಗಳನ್ನು ಕೆಡವಿ ಮುಗಿಲೆತ್ತರದವನ್ನು ಕಟ್ಟುತ್ತಿದ್ದಾರೆ. ಕಟ್ಟುತ್ತಿರುವವರಲ್ಲಿ ಯಾರಿದ್ದಾರೆ? ಹೋಗಿ ಕಿವಿಗೊಟ್ಟು ಕೇಳಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕನ್ನಡ ಕೇಳಿಸುತ್ತದೆ. ಹೋಟೆಲಿನ ಮಾಣಿಯ ಜಾಗಕ್ಕೆ ಬಂದ ಇಂದಿನ ಕನ್ನಡದ ದುಡಿಯುವ ಬಾಲ್ಯ ಅಲ್ಲಿದೆ.

ಕಳೆದ ಮಳೆಗಾಲದ ನಂತರ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಅಂಥ ಒಂದು ಕಟ್ಟಡದ ಬದಿಯ ತಗಡಿನ ಗುಡಿಸಲಿನ ಮುಂದೆ ಒಂಬತ್ತು ವರ್ಷದ ಹುಡುಗನೊಬ್ಬ ತಂಗಿಯನ್ನು ಸೊಂಟದ ಮೇಲಿಟ್ಟುಕೊಂಡು ಕೊಡಕ್ಕೆ ನೀರು ಹಿಡಿಯುತ್ತಿದ್ದ. ಕನ್ನಡ ಕೇಳಿ ನಿಂತೆ.

“ಯಾವೂರಪ್ಪಾ?”

“ಸುರಪುರ ಕಡೀ ರೀ.”

“ಶಾಲೆಗೆ ಹೋಗುವುದಿಲ್ಲವೇನೋ?”

“ಊರಾಗ ಹೋಗ್ತಿದ್ದೆ ರೀ. ಇಲ್ಲಿ ತಂಗೀನ್ನ ಯಾರ್ ಹಿಡೀಬೇಕು?”

ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಕೈಗಡಿಯಾರ ನೋಡಿಕೊಂಡೆ. 8-14ರ ಲೋಕಲ್ ತಪ್ಪಿದರೆ ಹಾಜರಿಗೆ ತಡವಾಗುತ್ತಿತ್ತು. ಓಡಿದೆ.

ಆ ಹುಡುಗನ ಹೆಸರು ಯಾವ ಕಾಯಿದೆಯ ಲೆಕ್ಕಕ್ಕೂ ಬರುವುದಿಲ್ಲ. ಅವನು ಇಟ್ಟಿಗೆ ಹೊರುತ್ತಿಲ್ಲ, ಸಂಬಳ ತೆಗೆದುಕೊಳ್ಳುತ್ತಿಲ್ಲ. ತಾಯಿ ಇಟ್ಟಿಗೆ ಹೊರಲೆಂದು ತಂಗಿಯನ್ನು ಹೊತ್ತಿದ್ದಾನೆ. ಇದು ದುಡಿಮೆ ಎಂದು ತೋರಿಸಬಲ್ಲದ್ದು ಒಂದು ಒಳ್ಳೆಯ ಚಿತ್ರ ಮಾತ್ರ. ‘ಮೇಲೆ ಬಂದ’ ಚಿತ್ರಗಳನ್ನೇ ನೋಡಿ ಬೆಳೆದ ನಮ್ಮ ಕಣ್ಣಿಗೆ ಆ ಹುಡುಗ ಕಾಣುವುದಿಲ್ಲ, ಏಕೆಂದರೆ ಅವನು ಇನ್ನೂ ಮೇಲೆ ಬಂದಿಲ್ಲ. ಮೇಲೆ ಬಂದಾಗ ಶಾಲು ಹೊದಿಸೋಣ ಎಂದು ಕಾದಿದ್ದೇವೆ!

ಆದ್ದರಿಂದ ನಮ್ಮ ಸಂಘಗಳ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ.

ಒಂದು, ವರ್ಷದಲ್ಲಿ ಮೂರು ನಾಲ್ಕು ಸಲವಾದರೂ ಇಂಥ ಚಿತ್ರಗಳನ್ನು ತೋರಿಸಬೇಕು. ‘ಕೊಟ್ರೇಶಿ ಕನಸು’, ‘ರೈಲ್ವೇ ಚಿಲ್ಡ್ರನ್’, ‘ಸಲಾಂ ಬಾಂಬೆ’, ನಾಗರಾಜ ಮಂಜುಳೆಯವರ ಮರಾಠಿಯ ‘ಫಂಡ್ರಿ’ (2013), ಕನ್ನಡದಲ್ಲಿ ವಿವರಣೆ ಕೊಟ್ಟು ‘ಕೆಸ್’. ಎಲ್ಲವೂ ಚಿಕ್ಕ ಮಕ್ಕಳಿಗಲ್ಲ; ‘ಸಲಾಂ ಬಾಂಬೆ’ ಅಂಥವು ದೊಡ್ಡವರಿಗೆ. ನೋಡಬೇಕಾದವರು ಮೊದಲು ದೊಡ್ಡವರೇ.

ಎರಡು, ಹೋಟೆಲುಗಳಲ್ಲಿ ಬಾಲ್ಯ ಕಳೆದು ಧಣಿಗಳಾಗದೆ ಉಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ವಿರಾರು, ನಾಲಾಸೋಪಾರಾ, ಡೊಂಬಿವಲಿಯ ಒಂದು ಖೋಲಿಯ ಮನೆಗಳಲ್ಲಿ, ಊರಿನ ಜಗಲಿಗಳಲ್ಲಿ. ಈಗ ಎಲ್ಲರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಅವರ ಮಾತನ್ನು ಅವರ ನುಡಿಯಲ್ಲೇ ಹಿಡಿದಿಡಿ. ಮುಂದೆ ಒಬ್ಬ ಕನ್ನಡದ ನಿರ್ದೇಶಕನಿಗೆ ಚಿತ್ರ ಮಾಡುವ ಮನಸ್ಸಾದರೆ ಬೇಕಾಗುವುದು ಅದೇ. ಸಂಘಗಳು ಒಂದು ವರ್ಷದ ಶಾಲು ಹಾರದ ಖರ್ಚನ್ನು ಇದಕ್ಕೆ ಕೊಟ್ಟರೆ ಸಾಕು.

ಮೂರು, ಇದು ನನ್ನಂಥ ಗುಮಾಸ್ತರಿಗೆ. ಶಿಕ್ಷಣ ಹಕ್ಕಿನ ಕಾಯಿದೆ 2009ರದ್ದು. ಆರರಿಂದ ಹದಿನಾಲ್ಕರ ಮಗುವನ್ನು ವರ್ಷದ ನಡುವೆ ಬಂದರೂ, ವರ್ಗಾವಣೆ ಪತ್ರ ಇಲ್ಲದಿದ್ದರೂ ಹತ್ತಿರದ ಶಾಲೆ ಸೇರಿಸಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಸುರಪುರದ ಕೂಲಿಕಾರನಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತು. ಅರ್ಜಿ ಬರೆಯುವುದು, ಕಚೇರಿಯ ಕಿಟಕಿಯ ಮುಂದೆ ನಿಲ್ಲುವುದು, ‘ನಾಳೆ ಬನ್ನಿ’ ಎಂದವನಿಗೆ ನಿಯಮ ತೋರಿಸುವುದು ನಮಗೆ ಚೆನ್ನಾಗಿ ಬರುವ ವಿದ್ಯೆಗಳು. ಅಪ್ಪಯ್ಯನ ಆ ಮೇಷ್ಟರು ಹಗಲು ಗುಮಾಸ್ತಿಕೆ ಮಾಡಿ ರಾತ್ರಿ ನಿದ್ದೆಗಣ್ಣಿನ ಹುಡುಗರಿಗೆ ಪಾಠ ಬರೆದಿಟ್ಟರು. ನಮಗೆ ಭಾನುವಾರದ ಎರಡು ಗಂಟೆ ಆಗದೇ?

ಕೊನೆಗೊಂದು ಮಾತು. ಆ ಹುಡುಗನನ್ನು ಕಂಡ ಮೂರು ವಾರಗಳ ಮೇಲೆ, ಒಂದು ಭಾನುವಾರ, ಶಾಲೆಯ ಅರ್ಜಿ ನಮೂನೆ ಕಿಸೆಯಲ್ಲಿಟ್ಟುಕೊಂಡು ಅಲ್ಲಿಗೆ ಹೋದೆ. ತಗಡಿನ ಗುಡಿಸಲುಗಳು ಇರಲಿಲ್ಲ. ಅವರ ಕೆಲಸ ಮುಗಿದು ಗುಂಪು ಬೇರೆ ಕಡೆಗೆ ಹೋಯಿತೆಂದು ಕಾವಲುಗಾರ ಹೇಳಿದ. ಎಲ್ಲಿಗೆಂದು ಅವನಿಗೆ ಗೊತ್ತಿರಲಿಲ್ಲ. ಹುಡುಗನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಅರ್ಜಿ ಇನ್ನೂ ನನ್ನ ಹತ್ತಿರ ಇದೆ. ಹೆಸರಿನ ಜಾಗ ಖಾಲಿಯಿದೆ.